ಜೊತೆಗೆ ಓದಿದವರೆಲ್ಲ ಬೇಡವೆಂದ ಸುವಾರ್ತೆಯನ್ನು ನಾನೊಬ್ಬಳೇ ನಂಬಬಹುದೇ?

ಹೊಸ್ತಿಲು:

ಎಲ್ಲರಿಗೂ ವಂದನೆಗಳು. ಬಹುಕಾಲದಿಂದ ಇಲ್ಲಿನ ಚರ್ಚೆಗಳನ್ನು ಓದುತ್ತಾ ಬಂದಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ವಿಷಯ ತುಸು ಉದ್ದವಾಗಿದೆ, ತಾಳ್ಮೆಯಿಂದ ಓದಬೇಕೆಂದು ಕೋರುತ್ತೇನೆ.

ನಾನು, ನನ್ನ ತಮ್ಮ ಮತ್ತು ಇಬ್ಬರು ಗೆಳತಿಯರು ಸೇರಿ ಯೇಸುವಿನ ಬದುಕನ್ನು ಹೇಳುವ, ಬೈಬಲಿನ ಯೋಹಾನನ ಸುವಾರ್ತೆಯನ್ನು ವಾರಕ್ಕೊಂದು ಅಧ್ಯಾಯದಂತೆ ಓದಿದೆವು. ನಮ್ಮಲ್ಲಿ ಯಾರೂ ಕ್ರೈಸ್ತರಲ್ಲ. ಇಷ್ಟೊಂದು ಜನರ ಬದುಕನ್ನು ಹಿಡಿದಿಟ್ಟಿರುವ ಪುಸ್ತಕದಲ್ಲಿ ಏನಿದೆಯೆಂದು ನಾವೇ ನೋಡೋಣವೆಂಬ ಕುತೂಹಲ ಬಿಟ್ಟರೆ ಬೇರೆ ಉದ್ದೇಶವೂ ಇರಲಿಲ್ಲ. 21 ಅಧ್ಯಾಯಗಳು ಮುಗಿಯುವ ಹೊತ್ತಿಗೆ ಸುಮಾರು ಐದು ತಿಂಗಳು ಕಳೆದಿದ್ದವು. ಆರನೆಯ ಅಧ್ಯಾಯ ಓದಿದ ವಾರದಲ್ಲೇ ಒಬ್ಬ ಗೆಳತಿ ಬರುವುದನ್ನು ನಿಲ್ಲಿಸಿದಳು. ತನ್ನ ಮಾಂಸವನ್ನು ತಿಂದು ರಕ್ತವನ್ನು ಕುಡಿಯಬೇಕೆಂದು ಹೇಳುವವನ ಮಾತನ್ನು ಇನ್ನು ಮುಂದೆ ಓದಲಾರೆನೆಂದು ಅವಳು ಹೇಳಿದಳು. ಅದೇ ಮಾತನ್ನು ಕೇಳಿ ಯೇಸುವಿನ ಶಿಷ್ಯರಲ್ಲಿಯೇ ಅನೇಕರು ಹಿಂದಿರುಗಿ ಹೋದರೆಂದು ಅದೇ ಅಧ್ಯಾಯದಲ್ಲಿ ಬರೆದಿರುವುದು ನನ್ನ ಗಮನಕ್ಕೆ ಬಂದದ್ದು ಬಹಳ ತಡವಾಗಿ. ಇನ್ನೊಬ್ಬ ಗೆಳತಿ ಕೊನೆಯವರೆಗೂ ಓದಿ, ಬರವಣಿಗೆ ಸೊಗಸಾಗಿದೆಯೆಂದು ಹೇಳಿ ಪುಸ್ತಕ ಮುಚ್ಚಿದಳು.

ನಮ್ಮೆಲ್ಲರಿಗಿಂತ ಎಚ್ಚರಿಕೆಯಿಂದ ಓದಿದವನು ನನ್ನ ತಮ್ಮ. ಕೈಯಲ್ಲಿ ಸದಾ ಪೆನ್ಸಿಲ್ ಹಿಡಿದಿರುತ್ತಿದ್ದ. ಕೊನೆಯ ದಿನ ಅವನು ಪುಸ್ತಕವನ್ನು ನನ್ನ ಕೈಗೆ ಕೊಟ್ಟು, "ಅಕ್ಕಾ, ಇದು ನಿಜವಾದರೆ ಬದುಕಿನಲ್ಲಿ ಎಲ್ಲವೂ ಬದಲಾಗಬೇಕಾಗುತ್ತದೆ. ನನಗೆ ಇದು ನಿಜವೆನಿಸಲಿಲ್ಲ" ಎಂದ.

ನನಗೆ ನಿಜವೆನಿಸಿತು. ಯಾವ ದಿನ, ಯಾವ ವಾಕ್ಯದಲ್ಲಿ ಎಂದು ಬೊಟ್ಟು ಮಾಡಿ ತೋರಿಸಲಾರೆ. ಆದರೆ ಪುಸ್ತಕ ಮುಗಿಯುವಷ್ಟರಲ್ಲಿ, ನಾನು ಯಾರ ಕುರಿತು ಓದುತ್ತಿದ್ದೆನೋ ಆತನಿಗೆ ಉತ್ತರ ಕೊಡಬೇಕಾದ ಸ್ಥಿತಿಯಲ್ಲಿದ್ದೆ. ಅದನ್ನು ಹೇಳಿಕೊಂಡಾಗ ಗೆಳತಿ ನಕ್ಕುಬಿಟ್ಟಳು. ತಮ್ಮ ನಗಲಿಲ್ಲ. "ಒಂದೇ ಪುಟವನ್ನು ನಾಲ್ವರು ಓದಿ, ಮೂವರಿಗೆ ಕಾಣದ್ದು ನಿನಗೊಬ್ಬಳಿಗೆ ಕಂಡಿದೆಯೆಂದರೆ, ದೋಷ ಯಾರ ಕಣ್ಣಿನಲ್ಲಿದೆಯೆಂದು ನೀನೇ ಯೋಚಿಸು" ಎಂದ. ಅಮ್ಮನಿಗೆ ವಿಷಯ ತಿಳಿದಾಗ, ಏನನ್ನಾದರೂ ನಂಬಿಕೋ, ಯಾರ ಮುಂದೆಯೂ ಬಾಯಿ ಬಿಡಬೇಡ ಎಂದಷ್ಟೇ ಹೇಳಿದರು.

ನನ್ನ ಪ್ರಶ್ನೆಗಳು ಎರಡು. ನನಗಿಂತ ಬುದ್ಧಿವಂತರೆಂದು ನಾನೇ ಒಪ್ಪಿರುವವರು ತಳ್ಳಿಹಾಕಿದ್ದನ್ನು ನಾನು ನಂಬುವುದು ಸರಿಯೇ? ನಂಬಿದರೂ ಅದನ್ನು ಮನಸ್ಸಿನೊಳಗೇ ಇಟ್ಟುಕೊಂಡು ಬದುಕಬಹುದೇ?

ಎರಡನೇ ಓದು:

ಸಹೋದರಿ, ನಿಮ್ಮ ತಮ್ಮನವರು ಕಣ್ಣಿನ ಮಾತನ್ನು ಎತ್ತಿದ್ದರಿಂದ, ನೀವು ಈಗಾಗಲೇ ಓದಿರುವ ಒಂಬತ್ತನೆಯ ಅಧ್ಯಾಯಕ್ಕೆ ನಿಮ್ಮನ್ನು ಮತ್ತೆ ಕರೆದೊಯ್ಯಬೇಕೆನಿಸುತ್ತದೆ. ನಾನು ಅದನ್ನು ಎಷ್ಟು ಸಲ ಓದಿದ್ದೇನೆಂಬ ಲೆಕ್ಕವಿಲ್ಲ. ಆದರೂ ನನ್ನ ಕಷ್ಟದ ವರ್ಷಗಳಲ್ಲಿ ಒಂದು ಸಂಗತಿ ಹೊಸದಾಗಿ ಕಣ್ಣಿಗೆ ಬಿತ್ತು.

ಹುಟ್ಟುಕುರುಡನ ಕಣ್ಣಿಗೆ ಯೇಸು ಕೆಸರು ಹಚ್ಚಿ, ಸಿಲೋವ ಕೊಳಕ್ಕೆ ಹೋಗಿ ತೊಳೆದುಕೊಳ್ಳುವಂತೆ ಕಳುಹಿಸುತ್ತಾನೆ. ಅವನು ಹೋಗುವಾಗ ಇನ್ನೂ ಕುರುಡನೇ, ದೃಷ್ಟಿ ಬರುವುದು ಕೊಳದ ಬಳಿಯಲ್ಲಿ. ಅಂದರೆ ತನ್ನನ್ನು ಗುಣಪಡಿಸಿದವನ ಮುಖವನ್ನು ಅವನು ಕಂಡೇ ಇಲ್ಲ. ಎಂಟನೆಯ ವಚನದಿಂದ ಮೂವತ್ತನಾಲ್ಕನೆಯ ವಚನದವರೆಗೆ ಯೇಸು ಆ ಕಥೆಯಲ್ಲಿ ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಅಷ್ಟು ಹೊತ್ತೂ ಆ ಮನುಷ್ಯ ಒಬ್ಬಂಟಿಯಾಗಿ ಉತ್ತರ ಕೊಡುತ್ತಾ ನಿಂತಿರುತ್ತಾನೆ. ನೆರೆಹೊರೆಯವರು ಇವನು ಅವನೇ ಹೌದೋ ಅಲ್ಲವೋ ಎಂದು ಇವನ ಮುಂದೆಯೇ ವಾದಿಸುತ್ತಾರೆ. ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದ್ಯ ಪಂಗಡದವರಾದ ಫರಿಸಾಯರು ಒಮ್ಮೆ ವಿಚಾರಿಸಿ, ಸಾಲದೆಂದು ಮತ್ತೊಮ್ಮೆ ಕರೆಸುತ್ತಾರೆ. ಈ ನಡುವೆ ಹೆತ್ತವರನ್ನು ಕರೆಸಿದಾಗ, ಇವನು ನಮ್ಮ ಮಗನೇ, ಹುಟ್ಟುಕುರುಡನೇ, ಆದರೆ ಕಣ್ಣು ಹೇಗೆ ಬಂತೆಂದು ನಮಗೆ ತಿಳಿಯದು, ಅವನು ಪ್ರಾಯದವನು, ಅವನನ್ನೇ ಕೇಳಿಕೊಳ್ಳಿ ಎಂದು ಅವರು ಜಾರಿಕೊಳ್ಳುತ್ತಾರೆ. ಯೇಸುವನ್ನು ಕ್ರಿಸ್ತನೆಂದು ಒಪ್ಪಿದವರನ್ನು ಯೆಹೂದ್ಯರ ಸಭಾಮಂದಿರದಿಂದ ಹೊರಹಾಕಬೇಕೆಂದು ನಿರ್ಧಾರವಾಗಿದ್ದುದರಿಂದ ಅವರು ಹೆದರಿದರೆಂದು ಯೋಹಾನನು ಕಾರಣವನ್ನೂ ಹೇಳುತ್ತಾನೆ. ಮಗನಿಗೆ ಜೀವಮಾನದಲ್ಲಿ ಮೊದಲ ಬಾರಿಗೆ ದೃಷ್ಟಿ ಬಂದ ದಿನ ಅವನ ಜೊತೆಯಲ್ಲಿ ಸಂತೋಷಪಡಲು ಹೆತ್ತವರಿಗೂ ಆಗಲಿಲ್ಲ. ನಿಮ್ಮ ತಾಯಿಯವರ ಮಾತನ್ನು ಓದಿದಾಗ ನನಗೆ ಈ ತಂದೆತಾಯಿಗಳೇ ನೆನಪಾದರು. ಅವರನ್ನು ನಾನು ಕೆಟ್ಟವರೆನ್ನಲಾರೆ, ಅವರು ಹೆದರಿದ್ದರು.

ಅವನಿಗೆ ಆಗ ತಿಳಿದಿದ್ದುದು ಎಷ್ಟೆಂದು ಗಮನಿಸಿ. ಮೊದಲು ಅವನು "ಯೇಸು ಎಂಬ ಮನುಷ್ಯ" ಎನ್ನುತ್ತಾನೆ. ಮುಂದೆ ಒತ್ತಾಯ ಹೆಚ್ಚಾದಾಗ ಪ್ರವಾದಿ ಎನ್ನುತ್ತಾನೆ. ಇನ್ನಷ್ಟು ಒತ್ತಿದಾಗ, ದೇವರಿಂದ ಬಂದವನಲ್ಲದಿದ್ದರೆ ಆತನು ಏನನ್ನೂ ಮಾಡಲಾಗುತ್ತಿರಲಿಲ್ಲ ಎನ್ನುತ್ತಾನೆ. ವಿರೋಧಿಗಳು ಕೇಳಿದ ಒಂದೊಂದು ಪ್ರಶ್ನೆಯೂ ಅವನನ್ನು ಒಂದೊಂದು ಹೆಜ್ಜೆ ಮುಂದೆ ನೂಕಿತು. ಆತನು ಪಾಪಿಯೋ ಅಲ್ಲವೋ ನನಗೆ ತಿಳಿಯದು, ಒಂದು ಮಾತ್ರ ಬಲ್ಲೆ, ಕುರುಡನಾಗಿದ್ದೆ, ಈಗ ಕಾಣುತ್ತೇನೆ ಎಂಬುದು ಅವನ ಬಳಿಯಿದ್ದ ಒಟ್ಟು ಸಾಕ್ಷಿ. ತಿಳಿಯದುದನ್ನು ತಿಳಿಯದೆಂದು ಒಪ್ಪಿದ, ತಿಳಿದದ್ದನ್ನು ಬಿಟ್ಟುಕೊಡಲಿಲ್ಲ. ಕೊನೆಗೆ ಅವರು ಅವನನ್ನು ಹೊರಗೆ ಹಾಕಿದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದರ ಮುಂದಿನ ವಚನ. ಅವನನ್ನು ಹೊರಗೆ ಹಾಕಿದರೆಂಬುದನ್ನು ಯೇಸು ಕೇಳಿಸಿಕೊಂಡು, ಅವನನ್ನು ಕಂಡುಕೊಂಡು ಮಾತಾಡಿಸುತ್ತಾನೆ. ಅವನು ಯೇಸುವಿನ ಮುಖವನ್ನು ಮೊದಲ ಬಾರಿಗೆ ನೋಡಿದ್ದೂ, "ಕರ್ತನೇ, ನಂಬುತ್ತೇನೆ" ಎಂದದ್ದೂ ಹೊರಗೆ ಹಾಕಲ್ಪಟ್ಟ ಮೇಲೆ.

ಪ್ರಶ್ನಾರ್ಥಿ:

ನಾನು ಕ್ರೈಸ್ತನಲ್ಲ, ನಂಬುವವನೂ ಅಲ್ಲ. ಆದರೆ ಗೌರವದಿಂದಲೇ ಕೇಳುತ್ತಿದ್ದೇನೆ. ಮೇಲಿನ ಬರಹ ಹೃದಯವನ್ನು ಮುಟ್ಟುವಂತಿದೆ, ಆದರೂ ಮೂಲ ಪ್ರಶ್ನೆ ಹಾಗೆಯೇ ಉಳಿದಿದೆಯೆಂದು ನನಗೆ ತೋರುತ್ತದೆ. ತಿರಸ್ಕಾರವನ್ನೇ ಮೊದಲೇ ಕಥೆಯೊಳಗೆ ಸೇರಿಸಿಕೊಂಡ ನಂಬಿಕೆಯನ್ನು ಯಾರೂ ಪ್ರಶ್ನಿಸಲಾಗದು. ಜನ ಒಪ್ಪಿದರೆ ಸತ್ಯಕ್ಕೆ ಜಯವಾಯಿತು ಎನ್ನಬಹುದು, ಒಪ್ಪದಿದ್ದರೆ ಮೊದಲೇ ಹೀಗೆಂದು ಬರೆದಿತ್ತಲ್ಲ ಎನ್ನಬಹುದು. ಹಾಗಾದರೆ ಒಬ್ಬ ವಿವೇಕಿಯ ನಿರಾಕರಣೆಗೆ ಯಾವ ತೂಕವೂ ಇಲ್ಲವೇ? ಈ ಸಹೋದರಿಯ ತಮ್ಮ ಅಸಡ್ಡೆಯಿಂದ ಓದಿದವರಲ್ಲ. ಐದು ತಿಂಗಳು ಪೆನ್ಸಿಲ್ ಹಿಡಿದು ಓದಿದವರನ್ನು ಫರಿಸಾಯರ ಸಾಲಿನಲ್ಲಿ ಕೂರಿಸುವುದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ.

ನನ್ನ ಅನುಭವವನ್ನೂ ಹೇಳಬೇಕು. ನಂಬದವರನ್ನು ಕಂಡಕೂಡಲೇ, ಇವರ ಹೃದಯ ಕಠಿಣವಾಗಿದೆಯೆಂದು ತೀರ್ಮಾನಿಸಿ ಮಾತು ಮುಗಿಸುವ ನಂಬಿಗಸ್ತರನ್ನು ನಾನು ಕಂಡಿದ್ದೇನೆ. ಆ ತೀರ್ಮಾನದ ಎದುರು ಕುಳಿತಾಗ, ನನ್ನ ಪ್ರಶ್ನೆಯನ್ನು ಇವರು ಕೇಳಿಸಿಕೊಳ್ಳಲೇ ಇಲ್ಲ ಎಂಬ ನೋವು ಉಳಿದುಬಿಡುತ್ತದೆ.

ಬೆರೋಯ:

ಪ್ರಶ್ನಾರ್ಥಿಯವರೇ, ತಮ್ಮ ಮಾತಿನಲ್ಲಿ ಬಹುಪಾಲನ್ನು ನಾನು ಒಪ್ಪುತ್ತೇನೆ, ಒಪ್ಪದ ಭಾಗವನ್ನೂ ವಿವರಿಸುತ್ತೇನೆ.

ಇತರರ ತಿರಸ್ಕಾರದಿಂದ ಸುವಾರ್ತೆ ನಿಜವೆಂದು ಸಾಬೀತಾಗುವುದಿಲ್ಲ. ಹಾಗೆ ಹೇಳುವುದಾದರೆ ಜನ ತಳ್ಳಿಹಾಕಿದ ಪ್ರತಿಯೊಂದು ಸುಳ್ಳೂ ನಿಜವಾಗಬೇಕಾಗುತ್ತದೆ. ತಿರಸ್ಕಾರದಿಂದ ಅದು ಸುಳ್ಳೆಂದೂ ಸಾಬೀತಾಗುವುದಿಲ್ಲ. ಲೂಕನು ಬರೆದ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದ ಹದಿನೇಳನೆಯ ಅಧ್ಯಾಯದಲ್ಲಿ, ಸುವಾರ್ತಾ ಪ್ರಚಾರಕನಾದ ಪೌಲನು ಒಂದರ ಹಿಂದೊಂದರಂತೆ ಮೂರು ಊರುಗಳಲ್ಲಿ ಒಂದೇ ಸಂದೇಶವನ್ನು ಸಾರುತ್ತಾನೆ. ಥೆಸಲೋನಿಕದಲ್ಲಿ ಕೆಲವರು ಒಪ್ಪಿದರು, ಉಳಿದವರು ಗುಂಪು ಕೂಡಿಸಿ, ಪೌಲನಿಗೆ ಆಶ್ರಯ ಕೊಟ್ಟಿದ್ದ ಯಾಸೋನನ ಮನೆಗೆ ನುಗ್ಗಿದರು. ಬೆರೋಯದವರು ಕೇಳಿದ್ದನ್ನು ಹಾಗೆಯೇ ನುಂಗದೆ, ಅದು ನಿಜವೋ ಎಂದು ದಿನವೂ ಶಾಸ್ತ್ರವನ್ನು ಪರೀಕ್ಷಿಸಿದರು. ಹಾಗೆ ಪರೀಕ್ಷಿಸಿದ್ದಕ್ಕಾಗಿ ಲೂಕನು ಅವರನ್ನು ಹೊಗಳುತ್ತಾನೆ. ನಾನು ಆ ಹೆಸರನ್ನಿಟ್ಟುಕೊಂಡದ್ದೂ ಅದಕ್ಕಾಗಿಯೇ. ಅಥೇನೆ ನಗರದ ಅರಿಯೊಪಾಗ ಎಂಬ ಸಭಾಸ್ಥಾನದಲ್ಲಿ ಸತ್ತವರ ಪುನರುತ್ಥಾನದ ಮಾತು ಬಂದಕೂಡಲೇ ಕೆಲವರು ಹಾಸ್ಯ ಮಾಡಿದರು, ಕೆಲವರು ಈ ವಿಷಯದಲ್ಲಿ ನಿನ್ನ ಮಾತನ್ನು ಮತ್ತೊಮ್ಮೆ ಕೇಳುತ್ತೇವೆಂದರು, ದಿಯೊನುಸ್ಯ ಮತ್ತು ದಾಮರಿ ಎಂಬವಳೂ ಸೇರಿದಂತೆ ಕೆಲವರು ನಂಬಿದರು. ನಗುವವರ ನಡುವೆ ಕುಳಿತು ನಂಬಿದ ಆ ದಾಮರಿಯ ಬಗ್ಗೆ ಇಡೀ ಹೊಸ ಒಡಂಬಡಿಕೆಯಲ್ಲಿ ಮತ್ತೊಂದು ಮಾತಿಲ್ಲ.

ಲೂಕನು ಆ ಮೂರು ಗುಂಪುಗಳನ್ನೂ ಬೇರೆಬೇರೆಯಾಗಿ ಕಾಣಿಸಿರುವುದು ನನಗೆ ಮುಖ್ಯವೆನಿಸುತ್ತದೆ. ಹಾಸ್ಯ ಮಾಡಿದವರನ್ನೂ ಮತ್ತೊಮ್ಮೆ ಕೇಳುತ್ತೇವೆಂದವರನ್ನೂ ಅವನು ಒಂದೇ ಕಂತೆಗೆ ಕಟ್ಟಲಿಲ್ಲ. ಹೊಸ್ತಿಲು ಅವರ ತಮ್ಮನನ್ನು ನಾವೂ ಅವಸರದಿಂದ ಯಾವ ಕಂತೆಗೂ ಕಟ್ಟಬಾರದು. "ಇದು ನಿಜವಾದರೆ ಎಲ್ಲವೂ ಬದಲಾಗಬೇಕು" ಎಂದವರು ಸುವಾರ್ತೆಯ ತೂಕವನ್ನು ಸರಿಯಾಗಿಯೇ ಅಳೆದಿದ್ದಾರೆ. ಸುಮ್ಮನೆ ತಲೆಯಾಡಿಸುವ ಎಷ್ಟೋ ಮಂದಿಗಿಂತ ಅವರು ಹತ್ತಿರದಲ್ಲಿದ್ದಾರೆಂಬುದು ನನ್ನ ಅನಿಸಿಕೆ.

ಇನ್ನು ವಿವೇಕಿಯ ನಿರಾಕರಣೆಯ ತೂಕದ ವಿಷಯ. ಆ ತೂಕವಿರುವುದು ಅವನು ಕೊಡುವ ಕಾರಣದಲ್ಲಿ. ಸುವಾರ್ತೆ ಒಂದು ಘಟನೆಯನ್ನು ಸಾರುತ್ತದೆ. ಪೊಂತ್ಯ ಪಿಲಾತನು ಯೂದಾಯದ ಅಧಿಪತಿಯಾಗಿದ್ದ ಕಾಲದಲ್ಲಿ, ಅಂದರೆ ಕ್ರಿ.ಶ. 26ರಿಂದ 36ರ ನಡುವೆ, ಶಿಲುಬೆಗೆ ಹಾಕಲ್ಪಟ್ಟ ಒಬ್ಬನು ಮೂರನೆಯ ದಿನ ಜೀವಿತನಾಗಿ ಎದ್ದನೆಂದು ಅದು ಹೇಳುತ್ತದೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಹದಿನೈದನೆಯ ಅಧ್ಯಾಯದಲ್ಲಿ ಪೌಲನು ಆತನನ್ನು ಕಂಡವರ ಪಟ್ಟಿಯನ್ನೇ ಕೊಟ್ಟು, ಐನೂರಕ್ಕಿಂತ ಹೆಚ್ಚು ಮಂದಿ ಒಂದೇ ಸಮಯದಲ್ಲಿ ಕಂಡರು, ಅವರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಎನ್ನುತ್ತಾನೆ. ಕ್ರಿಸ್ತನು ಎದ್ದುಬರಲಿಲ್ಲವಾದರೆ ನಿಮ್ಮ ನಂಬಿಕೆ ವ್ಯರ್ಥವೆಂದೂ ಅದೇ ಅಧ್ಯಾಯದಲ್ಲಿ ಬರೆಯುತ್ತಾನೆ. ಆದ್ದರಿಂದ ಪ್ರಶ್ನಿಸಲಾಗದ ನಂಬಿಕೆಯೆಂಬ ತಮ್ಮ ಮಾತನ್ನು ನಾನು ಒಪ್ಪಲಾರೆ. ಎಲ್ಲಿ ಪೆಟ್ಟು ಬಿದ್ದರೆ ಇಡೀ ಕಟ್ಟಡ ಉರುಳುತ್ತದೆಂಬುದನ್ನು ಪೌಲನೇ ತೋರಿಸಿಕೊಟ್ಟಿದ್ದಾನೆ. ಸಹೋದರಿಯವರು ತಮ್ಮನ ಕಾರಣಗಳನ್ನು ಅಲ್ಲಿಟ್ಟು ತೂಗಲಿ. ಮೂವರು ಬೇಡವೆಂದರು, ಒಬ್ಬಳು ಬೇಕೆಂದಳು ಎಂಬ ಎಣಿಕೆಯಿಂದ ಯಾವ ಕಡೆಗೂ ತೀರ್ಪು ಸಿಗುವುದಿಲ್ಲ.

ಹೊಸ್ತಿಲು:

ಎಲ್ಲರಿಗೂ ಕೃತಜ್ಞತೆಗಳು. ತಮ್ಮ ಹೇಳಿದ ಕಾರಣಗಳನ್ನು ನಾನು ಸರಿಯಾಗಿ ಕೇಳಿಯೇ ಇರಲಿಲ್ಲವೆಂಬುದು ಇದನ್ನು ಓದುವಾಗ ಅರಿವಾಯಿತು. ಅವನು ಬೇಡವೆಂದದ್ದಷ್ಟೇ ನನ್ನ ಕಿವಿಯಲ್ಲಿ ಉಳಿದಿತ್ತು. ಎರಡನೆಯ ಪ್ರಶ್ನೆ ಈಗ ಇನ್ನೂ ಹೆಚ್ಚು ಕಾಡುತ್ತಿದೆ. ಕ್ರೈಸ್ತ ಸಭೆಗೆ ಸೇರುವ ನೀರಿನ ಸಂಸ್ಕಾರವಾದ ದೀಕ್ಷಾಸ್ನಾನ ಪಡೆದರೆ ವಿಷಯ ಎಲ್ಲರಿಗೂ ಗೊತ್ತಾಗುತ್ತದೆ. ಪಡೆಯದಿದ್ದರೆ ನಾನು ಯಾರನ್ನು ಮೋಸಗೊಳಿಸಿದಂತಾಗುತ್ತದೆ?

ರಾತ್ರಿಯ ಅತಿಥಿ:

ಸಹೋದರಿ, ಈ ಪ್ರಶ್ನೆಗೆ ಉತ್ತರಿಸುವ ಹಕ್ಕು ನನಗೆ ಸ್ವಲ್ಪ ಇದೆಯೆಂದು ಭಾವಿಸುತ್ತೇನೆ, ಏಕೆಂದರೆ ನಾನು ಹನ್ನೊಂದು ವರ್ಷ ಗುಟ್ಟಾಗಿ ನಂಬಿದವನು.

ಹೊರಗಿನಿಂದ ನೋಡಿದರೆ ಅದು ಸುಲಭವಾದ ದಾರಿ. ಪ್ರಾರ್ಥನೆ ಮಾಡುತ್ತಿದ್ದೆ, ಓದುತ್ತಿದ್ದೆ. ಬೈಬಲನ್ನು ಹಳೆಯ ಲೆಕ್ಕಪುಸ್ತಕದ ರಟ್ಟಿನೊಳಗೆ ಸೇರಿಸಿಟ್ಟಿದ್ದೆ. ಮನೆಯಲ್ಲಿ ಯಾರಾದರೂ ಕೋಣೆಗೆ ಬಂದರೆ ಕೈ ತಾನಾಗಿ ಆ ರಟ್ಟನ್ನು ಮುಚ್ಚುತ್ತಿತ್ತು. ವರ್ಷಗಳು ಕಳೆದಂತೆ ಯಾರೂ ಇಲ್ಲದಾಗಲೂ ಕೈ ಮುಚ್ಚುವುದಕ್ಕೆ ಸಿದ್ಧವಾಗಿಯೇ ಇರುತ್ತಿತ್ತು. ಸಭೆಯವರ ಜೊತೆ ಹಾಡಿಲ್ಲ, ಯೇಸುವಿನ ನೆನಪಿಗಾಗಿ ರೊಟ್ಟಿ ಮುರಿಯುವಲ್ಲಿ ಪಾಲು ತೆಗೆದುಕೊಂಡಿಲ್ಲ, ನನಗಾಗಿ ಪ್ರಾರ್ಥಿಸಿರೆಂದು ಒಬ್ಬರನ್ನೂ ಕೇಳಿಕೊಂಡಿಲ್ಲ. ತಿರಸ್ಕಾರ ತಪ್ಪಿತು, ಆದರೆ ಅದರ ಜೊತೆಗೆ ಇವೆಲ್ಲವೂ ತಪ್ಪಿದವು.

ಯೋಹಾನನ ಹನ್ನೆರಡನೆಯ ಅಧ್ಯಾಯದಲ್ಲಿ ನನ್ನಂಥವರ ಮಾತಿದೆ. ಅಧಿಕಾರಿಗಳಲ್ಲಿಯೂ ಅನೇಕರು ಯೇಸುವನ್ನು ನಂಬಿದರು, ಆದರೆ ಸಭಾಮಂದಿರದಿಂದ ಬಹಿಷ್ಕಾರವಾದೀತೆಂಬ ಭಯದಿಂದ ಅದನ್ನು ಒಪ್ಪಿಕೊಳ್ಳಲಿಲ್ಲ, ದೇವರಿಂದ ಬರುವ ಮಾನಕ್ಕಿಂತ ಮನುಷ್ಯರಿಂದ ಬರುವ ಮಾನ ಅವರಿಗೆ ಪ್ರಿಯವಾಗಿತ್ತು ಎಂದು ಅಲ್ಲಿ ಬರೆದಿದೆ. ಆ ವಾಕ್ಯವನ್ನು ನಾನು ಬಹಳ ಕಾಲ ದಾಟಿಕೊಂಡು ಓದುತ್ತಿದ್ದೆ.

ಆದರೆ ಯೋಹಾನನೇ, ಫರಿಸಾಯರಲ್ಲಿ ಒಬ್ಬ ಅಧಿಕಾರಿಯಾದ ನಿಕೊದೇಮನನ್ನೂ ತೋರಿಸುತ್ತಾನೆ. ಮೂರನೆಯ ಅಧ್ಯಾಯದಲ್ಲಿ ಅವನು ರಾತ್ರಿಯಲ್ಲಿ ಯೇಸುವಿನ ಬಳಿಗೆ ಬರುತ್ತಾನೆ. ಏಳನೆಯ ಅಧ್ಯಾಯದಲ್ಲಿ ತನ್ನವರ ನಡುವೆ ಎದ್ದು, ಒಬ್ಬನ ಮಾತನ್ನು ಕೇಳದೆ ಅವನಿಗೆ ತೀರ್ಪು ಕೊಡುವುದು ನಮ್ಮ ಧರ್ಮಶಾಸ್ತ್ರದಲ್ಲಿ ಉಂಟೇ ಎಂದು ಕೇಳಿ, ಯೇಸುವಿನ ನಾಡಿನ ಹೆಸರೆತ್ತಿ ನೀನೂ ಗಲಿಲಾಯದವನೋ ಎಂಬ ಮೂದಲಿಕೆಯನ್ನು ಪಡೆಯುತ್ತಾನೆ. ಹತ್ತೊಂಬತ್ತನೆಯ ಅಧ್ಯಾಯದಲ್ಲಿ, ಧೈರ್ಯವಾಗಿ ಹಿಂಬಾಲಿಸಿದ್ದ ಶಿಷ್ಯರಲ್ಲಿ ಬಹುತೇಕರು ಕಾಣದಾದ ದಿನ, ರಕ್ತಬೋಳ, ಅಗರು ಎಂಬ ಸುಗಂಧದ್ರವ್ಯಗಳ ಸುಮಾರು ನೂರು ಸೇರು ಮಿಶ್ರಣವನ್ನು ತರಿಸಿಕೊಂಡು ಯೇಸುವಿನ ಶವವನ್ನು ಹೂಣಿಡಲು ಬರುತ್ತಾನೆ. ಅಷ್ಟು ಭಾರವಾದ ಹೊರೆಯನ್ನು ಗುಟ್ಟಾಗಿ ತರಲಾಗುವುದಿಲ್ಲ. ಅವನ ಜೊತೆಗಿದ್ದ ಅರಿಮಥಾಯದ ಯೋಸೇಫನೂ ಅಲ್ಲಿಯವರೆಗೆ ಗುಪ್ತ ಶಿಷ್ಯನೇ. ಮನುಷ್ಯ ನಿಧಾನವಾಗಿ ಬೆಳಕಿಗೆ ಬರುವುದಕ್ಕೆ ಸುವಾರ್ತೆಯಲ್ಲಿ ಸ್ಥಳವಿದೆಯೆಂಬುದೇ ನನಗಿದ್ದ ಆಸರೆ.

ನಾಲ್ಕನೆಯ ಶತಮಾನದ ರೋಮಿನಲ್ಲಿ ವಿಕ್ಟೋರಿನಸ್ ಎಂಬ ಹೆಸರಾಂತ ವಾಗ್ಮಿಯಿದ್ದ. ಅವನು ಗೆಳೆಯನಾದ ಸಿಂಪ್ಲಿಸಿಯಾನಸನ ಬಳಿ, ನಾನು ಈಗಾಗಲೇ ಕ್ರೈಸ್ತನೆಂದು ಒಳಗುಟ್ಟಾಗಿ ಹೇಳುತ್ತಿದ್ದನೆಂದೂ, ನಿನ್ನನ್ನು ಸಭೆಯಲ್ಲಿ ಕಾಣುವವರೆಗೆ ನಂಬೆನೆಂದು ಅವನು ಉತ್ತರಿಸಿದರೆ, ಹಾಗಾದರೆ ಗೋಡೆಗಳು ಕ್ರೈಸ್ತರನ್ನು ಮಾಡುತ್ತವೆಯೇ ಎಂದು ಕೇಳುತ್ತಿದ್ದನೆಂದೂ ಕ್ರೈಸ್ತ ಚಿಂತಕನಾದ ಅಗಸ್ಟೀನನು ಬರೆದಿಟ್ಟಿದ್ದಾನೆ. ಅವನಿಗಿದ್ದದ್ದು ಪ್ರತಿಷ್ಠಿತ ಗೆಳೆಯರು ದೂರವಾಗುವರೆಂಬ ಭಯ. ಕಡೆಗೆ ಒಂದು ದಿನ ಅವನೇ, ನಡೆ, ಸಭೆಗೆ ಹೋಗೋಣ, ಕ್ರೈಸ್ತನಾಗಬೇಕೆಂದಿದ್ದೇನೆ ಎಂದ. ನಾಚಿಕೆಪಡುವವರಿಗೆ ವಿಶ್ವಾಸಪ್ರಮಾಣವನ್ನು ಖಾಸಗಿಯಾಗಿ ಹೇಳುವ ಅವಕಾಶವಿದ್ದರೂ ಅದನ್ನು ಬೇಡವೆಂದು, ಎಲ್ಲರ ಎದುರಿಗೆ ನಿಂತು ಹೇಳಿದ. ಗೋಡೆಗಳ ಮಾತನ್ನು ನಾನೂ ನನ್ನದೇ ಪದಗಳಲ್ಲಿ ಹನ್ನೊಂದು ವರ್ಷ ಹೇಳಿಕೊಂಡಿದ್ದೆ.

ಯಾರನ್ನು ಮೋಸಗೊಳಿಸಿದಂತಾಗುತ್ತದೆಂದು ಕೇಳಿದ್ದೀರಿ. ನನ್ನ ಮಟ್ಟಿಗೆ, ನನ್ನನ್ನು ಪ್ರೀತಿಸುತ್ತಿದ್ದವರನ್ನೇ ಮೋಸಗೊಳಿಸಿದೆ. ಅವರು ಪ್ರೀತಿಸುತ್ತಿದ್ದ ಮನುಷ್ಯ ಆ ಮನೆಯಲ್ಲಿ ಪೂರ್ತಿಯಾಗಿ ಇರಲೇ ಇಲ್ಲ.

ಒಬ್ಬ ತಂದೆ:

ಇಲ್ಲಿ ನನ್ನ ಮಾತು ಹೊಂದುವುದೋ ಇಲ್ಲವೋ ತಿಳಿಯದು. ನಾನು ಇನ್ನೊಂದು ಬದಿಯವನು. ನನ್ನ ಮಗಳು ಯೇಸುವನ್ನು ನಂಬಿದಳು, ನಾನು ನಂಬಲಿಲ್ಲ, ಇಂದಿಗೂ ನಂಬಿಲ್ಲ. ಮೂರು ತಿಂಗಳು ಅವಳ ಜೊತೆ ಮಾತು ಬಿಟ್ಟಿದ್ದೆ. ನಾನು ತಿರಸ್ಕರಿಸಿದವನು ಎಂದು ಈ ಚರ್ಚೆಯಲ್ಲಿ ಹೇಳುವುದಾದರೆ ಆ ಹೆಸರು ನನಗೆ ಸಲ್ಲುತ್ತದೆ.

ಆಗ ನನಗೆ ಆದದ್ದೇನೆಂದು ಹೇಳುತ್ತೇನೆ, ಪ್ರಶ್ನೆ ಕೇಳಿದ ಈ ತಾಯಿಗೆ ಉಪಯೋಗವಾಗಬಹುದು. ಅವಳು ಬೇರೆ ದೇವರನ್ನು ಹಿಡಿದಳೆಂಬುದಕ್ಕಿಂತ, ನಾವು ಕೊಟ್ಟದ್ದೆಲ್ಲ ಅವಳಿಗೆ ಸಾಲದೆ ಹೋಯಿತೇ ಎಂಬ ನೋವು ದೊಡ್ಡದಾಗಿತ್ತು. ಅದಕ್ಕೂ ಹೆಚ್ಚಾಗಿ, ವಿಷಯ ನನಗೆ ಅವಳ ಬಾಯಿಂದ ತಿಳಿಯಲಿಲ್ಲ, ದೂರದ ಸಂಬಂಧಿಕರೊಬ್ಬರು ಹೇಳಿ ತಿಳಿಯಿತು. ನನ್ನ ಸಿಟ್ಟಿನಲ್ಲಿ ಅರ್ಧಪಾಲು ಅದೇ ಆಗಿತ್ತು. ಆದ್ದರಿಂದ ಹೇಳಬೇಕೆಂದಿದ್ದರೆ ಮೊದಲು ಮನೆಯಲ್ಲಿ ಹೇಳು ತಾಯಿ, ನೀನೇ ಹೇಳು, ಎದುರಿಗೆ ಕುಳಿತು ಹೇಳು.

ನಾನು ಮಾತು ಬಿಟ್ಟ ಮೂರು ತಿಂಗಳೂ ಅವಳು ಭಾನುವಾರ ಸಂಜೆ ಬಂದು ನನ್ನ ಮಾತ್ರೆಗಳ ಡಬ್ಬಿಯನ್ನು ತುಂಬಿಸಿ ಹೋಗುತ್ತಿದ್ದಳು. ಏಳು ದಿನಗಳಿಗೆ ಏಳು ಗೂಡುಗಳಿರುವ ಡಬ್ಬಿ ಅದು. ಬೆಳಗಿನ ಮಾತ್ರೆ ಒಂದು ಬದಿಗೆ, ರಾತ್ರಿಯದು ಇನ್ನೊಂದು ಬದಿಗೆ. ತುಂಬಿಸಿ, ಮುಚ್ಚಳಗಳನ್ನು ಒಂದೊಂದಾಗಿ ಒತ್ತಿ ನೋಡಿ, ನೀರಿನ ಲೋಟದ ಪಕ್ಕದಲ್ಲಿಟ್ಟು ಹೊರಡುತ್ತಿದ್ದಳು. ನಾನು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದಿರುತ್ತಿದ್ದೆ. ಒಂದು ದಿನವೂ ತನ್ನ ನಂಬಿಕೆಯ ಬಗ್ಗೆ ಒಂದು ಮಾತು ಆಡಲಿಲ್ಲ, ಒಂದು ಕರಪತ್ರವನ್ನೂ ಇಟ್ಟು ಹೋಗಲಿಲ್ಲ. ನಾಲ್ಕನೆಯ ತಿಂಗಳು ನಾನೇ, ಅಲ್ಲಿ ನಿಮ್ಮ ಸಭೆಯಲ್ಲಿ ಏನು ಮಾಡುತ್ತೀರಿ ಎಂದು ಕೇಳಿದೆ. ಅವಳು ಹೇಳಿದಳು, ನಾನು ಕೇಳಿಸಿಕೊಂಡೆ. ನನ್ನ ಮನಸ್ಸು ಬದಲಾಗಿಲ್ಲ, ನಾವು ಮಾತಾಡುತ್ತೇವೆ.

ಸಭಾಪಾಲಕ:

ಹಿರಿಯರೇ, ತಾವು ಬರೆದದ್ದಕ್ಕೆ ಮನಃಪೂರ್ವಕವಾಗಿ ವಂದಿಸುತ್ತೇನೆ. ಸಭೆಯ ಉಪದೇಶಪೀಠದಲ್ಲಿ ನಿಂತು ಹೇಳಬೇಕಾದ ಮಾತು ತಮ್ಮ ಬರಹದಲ್ಲಿದೆ. ಯೇಸುವಿನ ಶಿಷ್ಯನಾದ ಪೇತ್ರನು ತನ್ನ ಮೊದಲನೆಯ ಪತ್ರಿಕೆಯಲ್ಲಿ, ನಿಮ್ಮ ನಿರೀಕ್ಷೆಗೆ ಆಧಾರವೇನೆಂದು ಕೇಳುವವರಿಗೆ ಉತ್ತರ ಹೇಳಲು ಸಿದ್ಧರಾಗಿರಿ ಎಂದು ಹೇಳಿದ ಉಸಿರಿನಲ್ಲಿಯೇ, ಅದನ್ನು ಸಾತ್ವಿಕತ್ವದಿಂದಲೂ ಗೌರವದಿಂದಲೂ ಹೇಳಿರಿ ಎನ್ನುತ್ತಾನೆ. ಕೇಳುವವರಿಗೆ ಎಂಬ ಮಾತನ್ನು ನಾವು ಅನೇಕ ಸಲ ಮರೆಯುತ್ತೇವೆ. ತಮ್ಮ ಮಗಳು ಮರೆಯಲಿಲ್ಲ.

ಅದೇ ಪತ್ರಿಕೆಯ ನಾಲ್ಕನೆಯ ಅಧ್ಯಾಯದಲ್ಲಿ ಇನ್ನೊಂದು ಎಚ್ಚರಿಕೆಯೂ ಇದೆ. ನಿಮ್ಮಲ್ಲಿ ಯಾವನೂ ಕೊಲೆಗಾರನೋ ಕಳ್ಳನೋ ಪರರ ಕೆಲಸದಲ್ಲಿ ತಲೆಹಾಕುವವನೋ ಆಗಿ ಕಷ್ಟಪಡದಿರಲಿ, ಕ್ರೈಸ್ತನಾಗಿ ಕಷ್ಟಪಟ್ಟರೆ ನಾಚಿಕೆಪಡದಿರಲಿ ಎಂದು ಅವನು ಬರೆಯುತ್ತಾನೆ. ಕೊಲೆಗಾರನ ಸಾಲಿನಲ್ಲಿಯೇ ತಲೆಹಾಕುವವನನ್ನೂ ಕೂರಿಸಿದ್ದಾನೆ. ನಾವು ಎದುರಿಸುವ ತಿರಸ್ಕಾರದಲ್ಲಿ ಸುವಾರ್ತೆಯಿಂದಾದದ್ದೆಷ್ಟು, ನಮ್ಮ ಒರಟುತನದಿಂದಾದದ್ದೆಷ್ಟು ಎಂದು ಬೇರ್ಪಡಿಸಿ ನೋಡುವುದು ನನಗೂ ಸುಲಭವಾಗಿಲ್ಲ. ಪ್ರಶ್ನಾರ್ಥಿಯವರು ಹೇಳಿದ ನೋವನ್ನು ನಾನೂ ಕೆಲವರಿಗೆ ಉಂಟುಮಾಡಿರುವೆನೆಂದು ಒಪ್ಪಿಕೊಳ್ಳುತ್ತೇನೆ.

ಆದರೆ ಎಷ್ಟು ಮೃದುವಾಗಿ ನಡೆದುಕೊಂಡರೂ ಬಾರದೆ ಬಿಡದ ತಿರಸ್ಕಾರವೊಂದಿದೆ, ಅದನ್ನು ಈ ಸಹೋದರಿಯಿಂದ ಮುಚ್ಚಿಡಬಾರದು. ಕ್ರಿ.ಶ. 203ರಲ್ಲಿ ಕಾರ್ಥೇಜಿನಲ್ಲಿ ಪರ್ಪೆತುವ ಎಂಬ, ಸುಮಾರು 22 ವರ್ಷದ, ಎಳೆಗೂಸಿನ ತಾಯಿ ನಂಬಿಕೆಗಾಗಿ ಪ್ರಾಣ ಕೊಟ್ಟಳು. ಸೆರೆಯಲ್ಲಿದ್ದಾಗ ಅವಳದೇ ಮಾತಿನಲ್ಲಿ ಬರೆದದ್ದೆಂದು ಉಳಿದುಬಂದಿರುವ ವೃತ್ತಾಂತದಲ್ಲಿ ಅವಳ ತಂದೆ ಮತ್ತೆ ಮತ್ತೆ ಬರುತ್ತಾನೆ. ಅವಳು ಅಲ್ಲಿದ್ದ ಒಂದು ಪಾತ್ರೆಯನ್ನು ತೋರಿಸಿ, ಅಪ್ಪಾ, ಇದನ್ನು ಬೇರೆ ಹೆಸರಿನಿಂದ ಕರೆಯಲಾದೀತೇ ಎಂದು ಕೇಳುತ್ತಾಳೆ. ಆಗದು ಎಂದು ಅವನೆನ್ನಲು, ಹಾಗೆಯೇ ನಾನು ಕ್ರೈಸ್ತಳು, ಬೇರೆ ಏನೆಂದೂ ಹೇಳಿಕೊಳ್ಳಲಾರೆ ಎನ್ನುತ್ತಾಳೆ. ಅವನು ಸಿಟ್ಟಾಗುತ್ತಾನೆ, ಮುಂದೊಂದು ದಿನ ಅವಳ ಕೈಗೆ ಮುತ್ತಿಟ್ಟು ಕಾಲಿಗೆ ಬಿದ್ದು ಅಳುತ್ತಾನೆ. ಅವಳು ಕಲ್ಲಾಗಲಿಲ್ಲ. ಅವನ ಮುಪ್ಪಿನ ದುಃಖವನ್ನು ಕಂಡು ತನಗೂ ದುಃಖವಾಯಿತೆಂದು ಹೇಳಿದ್ದಾಳೆ. ಅಪ್ಪನಿಗಾಗಿ ಮರುಗಿದಳು, ತನ್ನ ಮಾತನ್ನೂ ಬಿಡಲಿಲ್ಲ.

ಯೇಸುವಿಗೂ ಮನೆಯವರಿಂದ ಇದೇ ಆಯಿತು. ಆತನಿಗೆ ಬುದ್ಧಿ ಕೆಟ್ಟಿದೆಯೆಂದು ಆತನವರು ಹಿಡಿದುಕೊಂಡು ಹೋಗಲು ಹೊರಟರೆಂದು ಮಾರ್ಕನು ಬರೆಯುತ್ತಾನೆ. ಆತನ ತಮ್ಮಂದಿರೂ ಆತನನ್ನು ನಂಬಿರಲಿಲ್ಲವೆಂದು ಯೋಹಾನನು ಹೇಳುತ್ತಾನೆ. ಅದೇ ತಮ್ಮಂದಿರು ಅಪೊಸ್ತಲರ ಕೃತ್ಯಗಳ ಮೊದಲನೆಯ ಅಧ್ಯಾಯದಲ್ಲಿ ಮೇಲಂತಸ್ತಿನ ಕೋಣೆಯಲ್ಲಿ ತಾಯಿಯ ಜೊತೆ ಪ್ರಾರ್ಥಿಸುತ್ತಿರುತ್ತಾರೆ. ಪ್ರತಿಯೊಂದು ಮನೆಯಲ್ಲಿಯೂ ಹೀಗೆಯೇ ಆಗುವುದೆಂದು ನಾನು ಮಾತು ಕೊಡಲಾರೆ, ಯೇಸುವೂ ಹಾಗೆ ಮಾತು ಕೊಡಲಿಲ್ಲ. ಮಾರ್ಕನ ಹತ್ತನೆಯ ಅಧ್ಯಾಯದಲ್ಲಿ, ನನಗೋಸ್ಕರ ಮನೆಯನ್ನೂ ಒಡಹುಟ್ಟಿದವರನ್ನೂ ತಂದೆತಾಯಿಯನ್ನೂ ಬಿಟ್ಟವನಿಗೆ ಈ ಕಾಲದಲ್ಲಿಯೇ ಮನೆ, ಅಣ್ಣತಮ್ಮಂದಿರು, ಅಕ್ಕತಂಗಿಯರು, ತಾಯಂದಿರು ನೂರರಷ್ಟು ಸಿಗುವರು ಎಂದು ಹೇಳಿ, ಆ ಪಟ್ಟಿಗೆ ಹಿಂಸೆಗಳನ್ನೂ ಸೇರಿಸಿದ್ದಾನೆ. ನನ್ನ ಬಳಿ ದೀಕ್ಷಾಸ್ನಾನಕ್ಕೆಂದು ಬಂದವರಿಗೆ ಆ ವಚನವನ್ನು ಪೂರ್ತಿಯಾಗಿ ಓದಿಸುತ್ತೇನೆ. ನೂರರಷ್ಟು ಎಂಬಲ್ಲಿ ನಿಲ್ಲಿಸಿಬಿಟ್ಟರೆ ಅವರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಆ ನೂರರಷ್ಟು ತಾಯಂದಿರು, ಅಕ್ಕತಂಗಿಯರು ಎಂದರೆ ಸಭೆಯವರೇ ತಾನೇ? ಅವರು ಬಾಗಿಲು ತೆರೆಯದಿದ್ದರೆ ಆ ವಾಗ್ದಾನ ಕೈಗೆ ಬರುವುದು ಹೇಗೆ ಎಂಬ ಪ್ರಶ್ನೆಯನ್ನು ನಾನು ನಮ್ಮ ಸಭೆಯ ಮುಂದೆಯೂ ಇಡಬೇಕಾಗಿದೆ.

ಪ್ರಶ್ನಾರ್ಥಿ:

ಬೆರೋಯ ಅವರ ಉತ್ತರವನ್ನು ಎರಡು ಬಾರಿ ಓದಿದೆ. ಎಣಿಕೆಯಿಂದ ತೀರ್ಪಾಗದೆಂಬುದನ್ನು ಒಪ್ಪುತ್ತೇನೆ. ಐನೂರು ಮಂದಿಯ ವಿಷಯದಲ್ಲಿ ನನಗೆ ಕೇಳುವುದು ಬಹಳಷ್ಟಿದೆ, ಅದನ್ನು ಇನ್ನೊಂದು ಚರ್ಚೆಯಲ್ಲಿ ಕೇಳುತ್ತೇನೆ. ನನ್ನ ಮಾತಿಗೆ ಸಭಾಪಾಲಕರು ಕೊಟ್ಟ ಉತ್ತರವನ್ನು ನಾನು ನಿರೀಕ್ಷಿಸಿರಲಿಲ್ಲ, ಅವರಿಗೆ ಕೃತಜ್ಞತೆಗಳು.

ಹೊಸ್ತಿಲು:

ಹದಿನೈದು ದಿನಗಳ ನಂತರ ಬರೆಯುತ್ತಿದ್ದೇನೆ. ಉತ್ತರಿಸಲು ತಡವಾದುದಕ್ಕೆ ಕ್ಷಮೆಯಿರಲಿ.

ಒಬ್ಬ ತಂದೆಯವರ ಮಾತಿನಂತೆ ಮೊದಲು ಮನೆಯಲ್ಲಿಯೇ ಹೇಳಿದೆ. ಅಮ್ಮ ಮತ್ತು ತಮ್ಮ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ನಾನು ಯೇಸುವನ್ನು ಕರ್ತನೆಂದು ನಂಬಿದ್ದೇನೆ, ಮುಂದಿನ ತಿಂಗಳು ದೀಕ್ಷಾಸ್ನಾನ ಪಡೆಯುತ್ತೇನೆ, ಇದನ್ನು ಬೇರೆಯವರಿಂದ ನೀವು ಕೇಳುವಂತಾಗಬಾರದು ಎಂದೆ. ಧ್ವನಿ ನಡುಗುತ್ತಿತ್ತು. ಅಮ್ಮ ಎದ್ದು ಒಳಗೆ ಹೋದರು. ಅಂದಿನಿಂದ ಅಗತ್ಯವಿದ್ದಷ್ಟೇ ಮಾತಾಡುತ್ತಿದ್ದಾರೆ. ಅದು ಬಹಳ ಕಷ್ಟವಾಗಿದೆ, ಕಷ್ಟವಿಲ್ಲವೆಂದು ಇಲ್ಲಿ ಬರೆಯಲಾರೆ. ನಕ್ಕ ಗೆಳತಿ ಕರೆ ಸ್ವೀಕರಿಸುತ್ತಿಲ್ಲ.

ಇದಕ್ಕೆ ಮೊದಲಿನ ರಾತ್ರಿ, ತಮ್ಮ ಹಿಂದಿರುಗಿಸಿದ್ದ ಪುಸ್ತಕವನ್ನು ಮೊದಲ ಬಾರಿಗೆ ತೆರೆದು ನೋಡಿದೆ. ಅದುವರೆಗೆ ಅದನ್ನು ಮುಟ್ಟಲು ಮನಸ್ಸಾಗಿರಲಿಲ್ಲ. ಅಂಚುಗಳಲ್ಲಿ ಪೆನ್ಸಿಲಿನಿಂದ ಬರೆದ ಹದಿನಾಲ್ಕು ಪ್ರಶ್ನೆಗಳಿದ್ದವು. ಕೆಲವು ಒಂದೇ ಪದದಷ್ಟು ಚಿಕ್ಕವು. ಒಂಬತ್ತನೆಯ ಅಧ್ಯಾಯದಲ್ಲಿ, ಹೆತ್ತವರು ಹೆದರಿದರೆಂಬ ವಾಕ್ಯದ ಪಕ್ಕದಲ್ಲಿ ಮಾತ್ರ ಪ್ರಶ್ನೆಯಿರಲಿಲ್ಲ, ಒಂದು ಗೆರೆ ಎಳೆದಿದ್ದ. ಅದೇ ಗೆರೆಯನ್ನು ಅವನು ಮತ್ತೊಮ್ಮೆ ಎಳೆದಂತೆ ಕಾಣುತ್ತಿತ್ತು, ಅಷ್ಟು ದಪ್ಪವಾಗಿತ್ತು.

ಅಮ್ಮ ಒಳಗೆ ಹೋದ ಮೇಲೆ ಆ ಪುಸ್ತಕವನ್ನು ಅವನ ಮುಂದಿಟ್ಟು, ನಿನ್ನ ಕಾರಣಗಳನ್ನು ನಾನು ಕೇಳಿರಲಿಲ್ಲ, ಈಗ ಕೇಳಬೇಕೆಂದಿದ್ದೇನೆ ಎಂದೆ. ಅವನು ಬಹಳ ಹೊತ್ತು ಹಾಳೆ ತಿರುವಿದ. ದೀಕ್ಷಾಸ್ನಾನಕ್ಕೆ ಬರುವುದಿಲ್ಲ, ಮತ್ತೆ ಕರೆಯಬೇಡ ಎಂದ. ಕರೆಯುವುದಿಲ್ಲವೆಂದು ಒಪ್ಪಿಕೊಂಡೆ. ಆಮೇಲೆ, "ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತೀಯಾ?" ಎಂದು ಕೇಳಿದ. ಎನ್ನುತ್ತೇನೆ ಎಂದೆ.

ಈ ಶನಿವಾರ ಮೊದಲನೆಯ ಪ್ರಶ್ನೆಯಿಂದ ಆರಂಭಿಸುತ್ತೇವೆ. ಅದು ಮೊದಲನೆಯ ಅಧ್ಯಾಯದಲ್ಲಿಯೇ ಇದೆ. ನತಾನಯೇಲನು ಅಂಜೂರದ ಮರದ ಕೆಳಗಿದ್ದಾಗಲೇ ನಿನ್ನನ್ನು ನೋಡಿದೆನೆಂದು ಯೇಸು ಹೇಳುವಲ್ಲಿ, "ಅಲ್ಲಿ ಅವನು ಏನು ಮಾಡುತ್ತಿದ್ದ?" ಎಂದು ತಮ್ಮ ಬರೆದಿದ್ದಾನೆ.